ಒಂದು ‘ಇಂದ’, ಇಂಗ್ಲಿಷಿನಲ್ಲಿ ಹಲವು

ದುದ್ದದ ಗೃಹಸ್ಥರೊಬ್ಬರು ಮಗನ ರಜೆಯ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಕುಳಿತಿರುವರೆಂದು ಎಣಿಸೋಣ. ಹುಡುಗನಿಗೆ ಮೂರು ದಿನಗಳಿಂದ ಜ್ವರ. ಲೇಖನಿಯು ‘ಸಿನ್ಸ್ ತ್ರೀ ಡೇಸ್’ ಎಂದು ಬರೆದುಬಿಡುತ್ತದೆ. ಬರೆಯಬೇಕಾದುದು ‘ಫಾರ್ ತ್ರೀ ಡೇಸ್’ ಎಂದು. ಉಳಿದ ಶಬ್ದಗಳೆಲ್ಲ ಸರಿಯಾಗಿರಲು, ಈ ಪುಟ್ಟ ಪದವೊಂದೇ ಏಕೆ ತಪ್ಪುತ್ತದೆ?

ಕಾರಣವು ನಮ್ಮ ವಿಭಕ್ತಿಯಲ್ಲಿದೆ. ಕನ್ನಡದಲ್ಲಿ ಪ್ರತ್ಯಯವು ನಾಮಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ನಾಮಪದದ ಮುಂದೆ ನಿಲ್ಲುವ ‘ಪ್ರಿಪೊಜಿಷನ್’ ಎಂಬ ಬಿಡಿ ಪದವು ಮಾಡುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತೃತೀಯೆಗೆ ‘ಇಂ’ ಎಂದೂ ಪಂಚಮಿಗೆ ‘ಅತ್ತಣಿಂ’ ಎಂದೂ ಬೇರೆ ಬೇರೆ ಪ್ರತ್ಯಯಗಳನ್ನು ಹೇಳಿದ್ದಾನೆ. ಇಂದಿನ ಆಡುಮಾತಿನಲ್ಲಿ ಎರಡರ ಹೊರೆಯನ್ನೂ ‘ಇಂದ’ವೇ ಹೊತ್ತಿದೆ.

ಮಂಡ್ಯದ ಸೀಮೆಯ ಕಬ್ಬಿನ ಮಾತನ್ನೇ ತೆಗೆದುಕೊಳ್ಳೋಣ. ಕಬ್ಬನ್ನು ಮಚ್ಚಿನಿಂದ ಕಡಿದರೆ ‘ವಿತ್’. ಆಳಿನಿಂದ ಕಡಿಯಲ್ಪಟ್ಟರೆ ‘ಬೈ’. ಗಾಡಿಯು ದುದ್ದದಿಂದ ಹೊರಟರೆ ‘ಫ್ರಮ್’. ಸೋಮವಾರದಿಂದ ಮಳೆ ಹಿಡಿದಿದ್ದರೆ ‘ಸಿನ್ಸ್’. ಮೂರು ದಿನಗಳಿಂದ ಹಿಡಿದಿದ್ದರೆ ‘ಫಾರ್’. ನಮ್ಮ ಒಂದು ‘ಇಂದ’ಕ್ಕೆ ಅಲ್ಲಿ ಐದು ಮುಖಗಳು! ಕೊನೆಯ ಎರಡನ್ನು ಬೇರ್ಪಡಿಸಲು ಮಕ್ಕಳಿಗೆ ಒಂದು ಉಪಾಯವನ್ನು ಹೇಳಿಕೊಡಬಹುದು. ‘ಯಾವಾಗಿನಿಂದ’ ಎಂಬ ಪ್ರಶ್ನೆಗೆ ಉತ್ತರವಾಗಿ ವಾರವೋ ತಾರೀಖೋ ಗಂಟೆಯೋ ಬಂದರೆ ‘ಸಿನ್ಸ್’. ‘ಎಷ್ಟು ಕಾಲ’ ಎಂಬುದಕ್ಕೆ ಎಣಿಕೆಯ ದಿನಗಳೋ ವರ್ಷಗಳೋ ಬಂದರೆ ‘ಫಾರ್’.

ಚತುರ್ಥಿಯೂ ಇದೇ ಬಗೆಯ ತಂಟೆಯನ್ನು ಕೊಡುತ್ತದೆ. ಮಂಡ್ಯಕ್ಕೆ ಹೋಗುವಾಗ ‘ಟು’, ಐದು ಗಂಟೆಗೆ ಹೋಗುವಾಗ ‘ಅಟ್’. ಇನ್ನು ‘ಡಿಸ್ಕಸ್’ ಎಂಬ ಕ್ರಿಯಾಪದಕ್ಕೆ ನಾವು ‘ಬಗ್ಗೆ’ ಎಂಬುದನ್ನು ನೆನೆದು ‘ಅಬೌಟ್’ ಅನ್ನು ಸೇರಿಸುತ್ತೇವೆ. ಅದಕ್ಕೆ ಏನೂ ಬೇಡ. ‘ಮ್ಯಾರಿಡ್’ ಎಂಬುದರ ಮುಂದೆ ವರನನ್ನು ಹೇಳುವಾಗ ‘ಟು’ ಬರಬೇಕು. ‘ಒಡನೆ’ ಎಂದು ಯೋಚಿಸಿ ‘ವಿತ್’ ಬರೆಯಬಾರದು. ಇಂಥವುಗಳಿಗೆ ಸೂತ್ರವಿಲ್ಲ. ಕ್ರಿಯಾಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಿಸದೆ ಅದರ ಜೊತೆಗಾರನೊಡನೆಯೇ ಕಲಿಸುವುದು ಲೇಸೆಂದು ನಮ್ಮ ಅಭಿಪ್ರಾಯ.

ಅರ್ಜಿಯ ತಪ್ಪನ್ನು ಉಪಾಧ್ಯಾಯರು ನಕ್ಕು ತಿದ್ದಿಯಾರು. ಹಣಕಾಸಿನ ಕಾಗದದಲ್ಲಿ ಮಾತ್ರ ಹೆಚ್ಚಿನ ಎಚ್ಚರಿಕೆಯಿರಬೇಕು. ‘ಹತ್ತು ದಿನಗಳಲ್ಲಿ ಸಾಲ ತೀರಿಸುತ್ತೇವೆ’ ಎಂಬ ಸಪ್ತಮಿಯನ್ನು ಅನುಸರಿಸಿ ‘ಇನ್ ಟೆನ್ ಡೇಸ್’ ಎಂದು ಬರೆದರೆ, ಹತ್ತು ದಿನ ಕಳೆದಾಗ ಎಂಬ ಅರ್ಥವೂ ಅದಕ್ಕೆ ಬರಬಹುದು. ಅವಧಿಯ ಒಳಗೆ ಎಂಬುದು ಸ್ಪಷ್ಟವಾಗಬೇಕಾದರೆ ‘ವಿದಿನ್’ ಎಂದು ಬರೆಯತಕ್ಕದ್ದು. ತಾರೀಖನ್ನೇ ಹೆಸರಿಸುವುದಾದರೆ ‘ಬೈ’ ಸಾಕು.