ಕುದಿನೀರಿನಲ್ಲಿ ಹುಲ್ಲು ಜೀರ್ಣಿಸುವ ಜೀವಿ

ರಷ್ಯಾದ ಪೂರ್ವ ತುದಿಯ ಕಮ್ಚಾಟ್ಕಾ ಪರ್ಯಾಯ ದ್ವೀಪದಲ್ಲಿ ಗೀಸರ್ ಕಣಿವೆ ಎಂಬ ಜಾಗವಿದೆ. ಜ್ವಾಲಾಮುಖಿಗಳ ನೆಲದಡಿ ಕಾದ ನೀರು ಇಲ್ಲಿ ಬುಗ್ಗೆ ಬುಗ್ಗೆಯಾಗಿ ಉಕ್ಕುತ್ತದೆ, ಕೆಲವೆಡೆ ಕುದಿಯುತ್ತಲೇ ಮೇಲಕ್ಕೆ ಚಿಮ್ಮುತ್ತದೆ. ಇಂಥ ಒಂದು ಬುಗ್ಗೆಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯವೊಂದನ್ನು ಸೋವಿಯತ್ ವಿಜ್ಞಾನಿಗಳು 1990ರಲ್ಲಿ ಮೊದಲ ಬಾರಿಗೆ ವರ್ಣಿಸಿದರು. ಅದು ಹೆಚ್ಚು ಪರಿಚಿತವಾಗಿರುವುದು ಕ್ಯಾಲ್ಡಿಸೆಲ್ಯುಲೋಸಿರಪ್ಟರ್ ಬೆಸ್ಸಿಐ ಎಂಬ ಹೆಸರಿನಿಂದ; ಇಲ್ಲಿ ಬೆಸ್ಸಿ ಎಂದು ಚುಟುಕಾಗಿ ಕರೆಯೋಣ. ಆಮ್ಲಜನಕ ಇದಕ್ಕೆ ಆಗದು. ಹುಲುಸಾಗಿ ಬೆಳೆಯಲು ಬೇಕಾದದ್ದು 75ರಿಂದ 78 ಡಿಗ್ರಿ ಸೆಲ್ಸಿಯಸ್ ಬಿಸಿ, ಮತ್ತು ತಿನ್ನಲು ಒಣ ಹುಲ್ಲೋ ಮರದ ಪುಡಿಯೋ. ಬಿಸಿನೀರಿನ ಸೂಕ್ಷ್ಮಜೀವಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವುಗಳ ಸಹನೆಯನ್ನು ಹೊಗಳುತ್ತಾರೆ: ಇಷ್ಟು ಬಿಸಿಯಲ್ಲೂ ಬದುಕುತ್ತವಲ್ಲ ಎಂದು. ಹಾಗೆ ನೋಡುವುದರಿಂದ ಮುಖ್ಯ ಸಂಗತಿಯೇ ಕೈತಪ್ಪುತ್ತದೆ. ಬೆಸ್ಸಿಗೆ ಬಿಸಿ ಸಹಿಸಿಕೊಳ್ಳಬೇಕಾದ ಕಷ್ಟವಲ್ಲ, ಅದರ ಕಸುಬಿನ ಉಪಕರಣ. ಗಿಡದ ನಾರನ್ನು ಒಡೆಯುವಂಥ ಬಿಗಿ ಕೆಲಸ ಸಲೀಸಾಗುವುದೇ ಈ ಬಿಸಿಯಲ್ಲಿ ಎಂಬುದಕ್ಕೆ ಒಳ್ಳೆಯ ಪುರಾವೆಗಳಿವೆ.

ಆ ಕೆಲಸ ಎಷ್ಟು ಬಿಗಿ ಎಂಬುದನ್ನು ಮೊದಲು ನೋಡಬೇಕು. ಸೆಲ್ಯುಲೋಸ್ ಅಂದರೆ ಗ್ಲೂಕೋಸ್ ಸಕ್ಕರೆಯ ಅಣುಗಳು ಸಾವಿರಗಟ್ಟಲೆ ಒಂದರ ಹಿಂದೆ ಒಂದು ಜೋಡಣೆಗೊಂಡ ಸರಪಳಿ. ಅನ್ನದ ಪಿಷ್ಟದಲ್ಲಿರುವುದೂ ಇದೇ ಗ್ಲೂಕೋಸ್, ಆದರೆ ಕೊಂಡಿಯ ರೀತಿ ಬೇರೆ. ಅದರಿಂದಾಗಿ ಸೆಲ್ಯುಲೋಸ್ ಸರಪಳಿಗಳು ನೆಟ್ಟಗೆ ನಿಂತು, ಒಂದಕ್ಕೊಂದು ಒತ್ತಾಗಿ ಅಂಟಿಕೊಂಡು, ನೀರಿಗೂ ಒಳಗೆ ಜಾಗ ಕೊಡದ ಹರಳಿನಂಥ ಎಳೆಗಳಾಗುತ್ತವೆ. ಆ ಎಳೆಗಳನ್ನು ಹೆಮಿಸೆಲ್ಯುಲೋಸ್ ಸುತ್ತಿಕೊಂಡಿರುತ್ತದೆ, ಲಿಗ್ನಿನ್ ಎಂಬ ಗಡುಸು ವಸ್ತು ಎಲ್ಲವನ್ನೂ ಹಿಡಿದು ಕೂರಿಸುತ್ತದೆ. ಕಿಣ್ವಗಳ ನೆರವಿಲ್ಲದೆ ಬರೀ ತಣ್ಣೀರಿನಲ್ಲಿ ಬಿಟ್ಟರೆ ಸೆಲ್ಯುಲೋಸಿನ ಕೊಂಡಿಗಳಲ್ಲಿ ಅರ್ಧದಷ್ಟು ಕಳಚಲು ಲಕ್ಷಾಂತರ ವರ್ಷ ಬೇಕೆಂದು ರಸಾಯನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಸುವಿನ ಹೊಟ್ಟೆಯಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಸುಮಾರು 39 ಡಿಗ್ರಿಯಲ್ಲಿ ಇದೇ ಕೆಲಸಕ್ಕೆ ನಿಂತಿವೆ. ಹಸುವೂ ಮೆಲುಕು ಹಾಕಿ ಹಾಕಿ ಮೇವನ್ನು ನುಣ್ಣಗೆ ಮಾಡಿಕೊಡುತ್ತದೆ. ಅಷ್ಟಾದರೂ ಸಗಣಿಯನ್ನು ನೀರಿನಲ್ಲಿ ಕದಡಿ ಸೋಸಿದರೆ ಕೈಗೆ ಸಿಗುವುದು ಜೀರ್ಣವಾಗದ ನಾರು. ಇಂದು ಕೈಗಾರಿಕೆಗೆ ಬೇಕಾದ ಸೆಲ್ಯುಲೋಸ್ ಕಿಣ್ವಗಳು ಹೆಚ್ಚಾಗಿ ಬರುವುದು ಟ್ರೈಕೋಡರ್ಮಾ ರೀಸಿ ಎಂಬ ಶಿಲೀಂಧ್ರದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿಬಟ್ಟೆಯ ಡೇರೆಗಳನ್ನು ತಿಂದು ಹಾಳು ಮಾಡುತ್ತಿದ್ದಾಗ ಸಿಕ್ಕಿಬಿದ್ದ ಬೂಷ್ಟು ಅದು. ಅದರ ಕಿಣ್ವಗಳಿಗೆ ಸುಮಾರು 50 ಡಿಗ್ರಿ ಹಿತ. ಅದಕ್ಕಿಂತ ತೀರಾ ಮೇಲೆ ಹೋದರೆ ಆಕಾರ ಕೆಟ್ಟು ನಿಷ್ಕ್ರಿಯವಾಗುತ್ತವೆ.

ಬೆಸ್ಸಿಯ ಕೆಲಸವನ್ನು ಹತ್ತಿರದಿಂದ ನೋಡಬೇಕಾದರೆ ಅದು ಹೊರಗೆ ಸುರಿಸುವ ಸೆಲ್‌ಎ ಎಂಬ ಕಿಣ್ವವನ್ನು ನೋಡಬೇಕು. ಸಾಮಾನ್ಯ ಕಿಣ್ವಗಳ ಮುಂದೆ ಇದು ದೈತ್ಯ. ಒಂದು ತುದಿಯಲ್ಲಿ ಸರಪಳಿಯನ್ನು ನಡುವೆ ಕತ್ತರಿಸುವ ಭಾಗ, ಇನ್ನೊಂದು ತುದಿಯಲ್ಲಿ ಕತ್ತರಿಸಿದ ಕಡೆಯಿಂದ ಹಿಡಿದು ಎರಡೆರಡು ಸಕ್ಕರೆ ಅಣುಗಳನ್ನು ಬಿಡಿಸುತ್ತ ಸಾಗುವ ಭಾಗ, ಮಧ್ಯದಲ್ಲಿ ಸೆಲ್ಯುಲೋಸಿನ ಮೇಲ್ಮೈಗೆ ಕಚ್ಚಿಕೊಳ್ಳುವ ಮೂರು ಹಿಡಿಕೆಗಳು. ಇವೆಲ್ಲ ಬಳುಕುವ ಕೊಂಡಿಗಳಿಂದ ಒಂದೇ ಅಣುವಾಗಿ ಸೇರಿಕೊಂಡಿವೆ. 2013ರಲ್ಲಿ ಅಮೆರಿಕದ ಸಂಶೋಧಕರು ಇದು ಕೆಲಸ ಮಾಡಿದ ಸೆಲ್ಯುಲೋಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಸೆಲ್ಯುಲೋಸ್ ಎಳೆಯನ್ನು ಕತ್ತದ ಹಗ್ಗವೆಂದುಕೊಂಡರೆ, ಶಿಲೀಂಧ್ರದ ಮುಖ್ಯ ಕಿಣ್ವ ಹಗ್ಗದ ತುದಿ ಹಿಡಿದು ಎಳೆ ಬಿಚ್ಚುತ್ತ ಬರುತ್ತದೆ, ತುದಿ ಸವೆದು ಚೂಪಾಗುತ್ತದೆ. ಸೆಲ್‌ಎ ತುದಿಗಾಗಿ ಕಾಯುವುದಿಲ್ಲ. ಹಗ್ಗದ ಮೈಮೇಲೆಯೇ ಅಲ್ಲಲ್ಲಿ ಗುಳಿ ತೋಡುತ್ತದೆ. ಪ್ರತಿ ಗುಳಿಯ ಅಂಚಿನಲ್ಲೂ ಹೊಸ ತುದಿಗಳು ಹುಟ್ಟುವುದರಿಂದ ಮುಂದಿನ ಕೆಲಸಕ್ಕೆ ಜಾಗ ಹೆಚ್ಚುತ್ತಲೇ ಹೋಗುತ್ತದೆ. ತನಗೆ ಒಗ್ಗುವ ಬಿಸಿಯಲ್ಲಿ ಈ ಒಂದೇ ಕಿಣ್ವ, ಕೈಗಾರಿಕೆಯಲ್ಲಿ ಬಳಸುವಂಥ ಶಿಲೀಂಧ್ರ ಕಿಣ್ವಗಳ ಜೋಡಿಯನ್ನು ಅದರದರ ಹಿತವಾದ ಬಿಸಿಯಲ್ಲಿಟ್ಟಾಗಲೂ ಮೀರಿಸಿತು. ಇಲ್ಲಿ ಬಿಸಿಯ ಪಾತ್ರ ಸ್ಪಷ್ಟ: ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ನೀರು ತೆಳುವಾಗಿ ಎಲ್ಲ ಸಂದಿಗಳಿಗೂ ನುಗ್ಗುತ್ತದೆ, ಲಿಗ್ನಿನ್‌ನ ಬಿಗಿ ಸಡಿಲುತ್ತದೆ. ಈ ಲಾಭಗಳು ಎಲ್ಲರಿಗೂ ತೆರೆದಿವೆ. ಆದರೆ ಅವನ್ನು ಬಾಚಿಕೊಳ್ಳಲು ಆ ಬಿಸಿಯಲ್ಲಿ ಆಕಾರ ಕೆಡದ ಕಿಣ್ವ ಬೇಕು.

ಹಾಗಾದರೆ ಹುಲ್ಲನ್ನು ಕರಗಿಸುತ್ತಿರುವುದು ಬಿಸಿನೀರೇ ಇರಬಾರದೇಕೆ, ಬ್ಯಾಕ್ಟೀರಿಯಕ್ಕೆ ಸುಮ್ಮನೆ ಹೆಸರು ಬಂದಿರಬಹುದಲ್ಲ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಬಿಸಿನೀರಿನಲ್ಲಿ ನೆನೆಸಿದ ಹುಲ್ಲಿನಿಂದ ಒಂದಷ್ಟು ಅಂಶ ತಾನಾಗಿ ನೀರಿಗಿಳಿಯುತ್ತದೆ ನಿಜ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಆಡಮ್ಸ್ ಅವರ ತಂಡ ಇದಕ್ಕೆಂದೇ ಸ್ವಿಚ್‌ಗ್ರಾಸ್ ಎಂಬ ಉತ್ತರ ಅಮೆರಿಕದ ಹುಲ್ಲನ್ನು ಮೊದಲು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು, ತಾನಾಗಿ ಕರಗುವುದನ್ನೆಲ್ಲ ತೆಗೆದುಹಾಕಿತು. ಉಳಿದ ನಾರನ್ನು ಯಾವ ಆಮ್ಲವನ್ನೂ ಕ್ಷಾರವನ್ನೂ ಸೋಕಿಸದೆ ಬೆಸ್ಸಿಗೆ ಕೊಟ್ಟಿತು. ಬೆಸ್ಸಿ ಅದರ ಮೇಲೂ ಬೆಳೆಯಿತು. ಮಿಕ್ಕ ಶೇಷವನ್ನು ತೊಳೆದು ಹೊಸದಾಗಿ ಬೆಸ್ಸಿಯನ್ನು ಬಿಟ್ಟಾಗ ಮತ್ತೆ ಬೆಳೆಯಿತು. ಮೊದಲ ಸಲ ಕೆಲಸ ನಿಂತದ್ದು ತಿನ್ನಬಹುದಾದ ಭಾಗ ಮುಗಿದು ತಿನ್ನಲಾರದ್ದು ಉಳಿದದ್ದರಿಂದಲ್ಲ ಎಂಬುದು ಇದರಿಂದ ಖಚಿತವಾಯಿತು. ಸಕ್ಕರೆಯ ಅಂಶಗಳ ಜೊತೆಜೊತೆಗೆ ಲಿಗ್ನಿನ್ ಕೂಡ ನೀರಿಗಿಳಿಯುತ್ತಿತ್ತು ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಬೆಸ್ಸಿ ಲಿಗ್ನಿನ್ನನ್ನು ಉಣ್ಣುವುದಿಲ್ಲ, ಆದರೆ ಅದು ದಾರಿಗೆ ಅಡ್ಡ ನಿಲ್ಲದಂತೆ ನೋಡಿಕೊಳ್ಳುತ್ತದೆ.

ಇನ್ನೊಂದು ಆಕ್ಷೇಪ ಖರ್ಚಿನದು. ತೊಟ್ಟಿಗಟ್ಟಲೆ ನೀರನ್ನು 75 ಡಿಗ್ರಿಯಲ್ಲಿ ಕಾಯಿಸಿಡುವುದು ದುಂದಲ್ಲವೇ? ಈಗಿನ ಕಾರ್ಖಾನೆಗಳು ನಡೆಯುವ ಬಗೆ ತಿಳಿದರೆ ಈ ಮಾತಿನ ಬಲ ಕುಗ್ಗುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವ ಗುರಿಯ ಇಂಡಿಯನ್ ಆಯಿಲ್ ಸ್ಥಾವರ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ಗದ್ದೆಯಲ್ಲೇ ಸುಟ್ಟು ಹೋಗುವ ಹುಲ್ಲಿಗೆ ಬೆಲೆ ತರುವ ಪ್ರಯತ್ನವಾಗಿ ಅದು ಸ್ವಾಗತಾರ್ಹ. ಇಂಥ ಎರಡನೇ ತಲೆಮಾರಿನ ಎಥನಾಲ್ ತಯಾರಿಕೆಯ ರೂಢಿಯ ವಿಧಾನದಲ್ಲಿ ಹುಲ್ಲನ್ನು ಮೊದಲು ಉಗಿ ಮತ್ತು ಆಮ್ಲದಂಥ ರಾಸಾಯನಿಕದೊಂದಿಗೆ 150 ಡಿಗ್ರಿಗೂ ಮೇಲೆ ಬೇಯಿಸುತ್ತಾರೆ. ಆಮೇಲೆ ಶಿಲೀಂಧ್ರದ ಕಿಣ್ವಕ್ಕಾಗಿ 50ಕ್ಕೆ ತಣಿಸುತ್ತಾರೆ, ಯೀಸ್ಟ್‌ಗಾಗಿ ಮತ್ತೂ ಇಳಿಸುತ್ತಾರೆ. ಕಡೆಗೆ ಭಟ್ಟಿ ಇಳಿಸಲು ಮತ್ತೆ ಕಾಯಿಸುತ್ತಾರೆ. ಬಿಸಿಗೆ ಹಣ ಕೊಟ್ಟೂ ಆಗಿದೆ, ಅದನ್ನು ಕೈಚೆಲ್ಲಲೂ ಹಣ ಕೊಡಬೇಕಾಗಿದೆ. ಎಥನಾಲ್ ಕುದಿಯುವುದು 78 ಡಿಗ್ರಿಯ ಆಸುಪಾಸಿನಲ್ಲಿ. ಬೆಸ್ಸಿಗೆ ಹಿತವಾದ ಬಿಸಿಯೂ ಅದೇ. ಜೊತೆಗೆ, ತೊಟ್ಟಿಗೆ ನುಗ್ಗಿ ಹುಳಿ ಹಿಡಿಸುವ ಸಾಮಾನ್ಯ ಬ್ಯಾಕ್ಟೀರಿಯಗಳಿಗೆ ಈ ಬಿಸಿಯಲ್ಲಿ ಉಳಿಗಾಲವಿಲ್ಲ.

ಇಷ್ಟೆಲ್ಲ ಗುಣವಿದ್ದರೆ ಯಾವ ಕಾರ್ಖಾನೆಯೂ ಬೆಸ್ಸಿಯನ್ನು ಏಕೆ ಇಟ್ಟುಕೊಂಡಿಲ್ಲ? ಅತ್ಯಂತ ಗಟ್ಟಿಯಾದ ಆಕ್ಷೇಪ ಇದು, ಅಂಕಿಗಳೂ ಇದರ ಪರವಾಗಿಯೇ ಇವೆ. ಬೆಸ್ಸಿ ಸ್ವಭಾವತಃ ತಯಾರಿಸುವುದು ಅಸಿಟಿಕ್ ಆಮ್ಲ, ಲ್ಯಾಕ್ಟಿಕ್ ಆಮ್ಲ ಮತ್ತು ಹೈಡ್ರೋಜನ್, ಎಥನಾಲ್ ಅಲ್ಲ. 2014ರಲ್ಲಿ ಜಾರ್ಜಿಯಾದ ಜಾನೆಟ್ ವೆಸ್ಟ್‌ಫೆಲಿಂಗ್ ಅವರ ತಂಡ ಲ್ಯಾಕ್ಟಿಕ್ ಆಮ್ಲದ ಜೀನ್ ತೆಗೆದುಹಾಕಿ, ಬೇರೊಂದು ಬ್ಯಾಕ್ಟೀರಿಯದ ಎಥನಾಲ್ ಜೀನ್ ಸೇರಿಸಿತು. ಬೇಯಿಸದ, ಆಮ್ಲ ಸೋಕದ ಹುಲ್ಲಿನಿಂದ ಒಂದೇ ಜೀವಿ ನೇರವಾಗಿ ಎಥನಾಲ್ ತೆಗೆದುಕೊಟ್ಟಿತು. ಆದರೆ ಲೀಟರಿಗೆ 20 ಗ್ರಾಂ ಹುಲ್ಲಿಗೆ ಸಿಕ್ಕ ಎಥನಾಲ್ ಒಂದು ಗ್ರಾಮಿಗೂ ಕಡಿಮೆ. ಭಟ್ಟಿ ಇಳಿಸುವುದು ಲಾಭಕರವಾಗಲು ಲೀಟರಿಗೆ 40 ಗ್ರಾಂನಷ್ಟಾದರೂ ಬೇಕು. ಈ ಅಂತರವನ್ನು ಮರೆಮಾಚುವ ಲೇಖನಗಳಿಂದ ಯಾರಿಗೂ ಉಪಕಾರವಿಲ್ಲ. ಆದರೂ ಈ ಕೊರತೆಯನ್ನು ಬಿಸಿಯ ತಲೆಗೆ ಕಟ್ಟುವುದು ತಪ್ಪು. ಎರವಲು ತಂದ ಜೀನು 60 ಡಿಗ್ರಿಯ ಜೀವಿಯದ್ದಾದ್ದರಿಂದ ಅದರ ಕಿಣ್ವ ಬೆಸ್ಸಿಯ ಬಿಸಿಯನ್ನು ತಾಳಲಿಲ್ಲ. ಪ್ರಯೋಗವನ್ನು 65 ಡಿಗ್ರಿಗೆ ಇಳಿಸಿ ಮಾಡಬೇಕಾಯಿತು, ಅಂದರೆ ಬೆಸ್ಸಿಗೆ ಚಳಿಯಲ್ಲಿ ದುಡಿಯುವ ಪಾಡು. ಹೀಗಾಗಿ ಅದೇ ತಂಡ ಮುಂದೆ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯವೊಂದರ ಬಿಸಿ ತಾಳುವ ಜೀನನ್ನು ತಂದು ಕೂರಿಸಿತು. ಎಥನಾಲ್ ಈಗ 75 ಡಿಗ್ರಿಯಲ್ಲೇ ಬಂತು, ಪ್ರಮಾಣ ಮಾತ್ರ ಇನ್ನೂ ಕಡಿಮೆ. ಮುಂದಿನ ಕೆಲಸ ಇರುವುದು ಜೀವಕೋಶದ ಒಳಗೆ: ನಾರಿನಿಂದ ಬಿಡಿಸಿದ ಸಕ್ಕರೆಯನ್ನು ಅಸಿಟಿಕ್ ಆಮ್ಲದ ಕಡೆಗೆ ಹರಿಯಬಿಡದೆ ಎಥನಾಲ್ ಕಡೆಗೆ ತಿರುಗಿಸುವುದು.