ನುರಿತ ವೆಲ್ಡರ್ ಎಲ್ಲಿ? ಶಿಷ್ಯವೇತನದ ಕಲಿಕೆ ಮತ್ತು ಕಿರು ಉದ್ದಿಮೆ

ಮಳೆಗಾಲ ಸಮೀಪಿಸುತ್ತಿದ್ದಂತೆ ಮಂಗಳೂರಿನ ಮನೆಗಳ ತಾರಸಿಗಳ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹೊದೆಸುವ ಕೆಲಸ ಭರದಿಂದ ನಡೆಯುತ್ತದೆ. ಗೇಟು, ಗ್ರಿಲ್ಲು, ಶೆಡ್ಡುಗಳ ಬೇಡಿಕೆಯೂ ಕಡಿಮೆಯಿಲ್ಲ. ಆದರೆ ಆರ್ಡರು ಕೈಯಲ್ಲಿದ್ದರೂ ನುರಿತ ವೆಲ್ಡರ್, ಫಿಟ್ಟರ್ ದೊರೆಯುವುದಿಲ್ಲವೆಂಬುದು ಉದ್ದಿಮೆದಾರರ ಸಾಮಾನ್ಯ ದೂರು. ಕಲಿಸಿದ ಹುಡುಗ ಕೈ ಪಳಗುತ್ತಲೇ ಗಲ್ಫಿಗೋ ದೊಡ್ಡ ಕಾರ್ಖಾನೆಗೋ ಹೊರಡುತ್ತಾನೆ. ಆದುದರಿಂದ ಕಲಿಸುವ ಉಸಾಬರಿಯೇ ಬೇಡವೆಂಬ ಭಾವನೆ ಬೇರೂರಿದೆ. ಎಲ್ಲರೂ ಹೀಗೆಯೇ ಎಣಿಸಿದರೆ ಕಲಿಸುವವರು ಯಾರು?

ಕೆಲಸದ ಜಾಗದಲ್ಲಿಯೇ ಕಲಿಸುವ ಪದ್ಧತಿ ಈ ಊರಿಗೆ ಹೊಸತಲ್ಲ. ಕಮ್ಮಾರನ ಕುಲುಮೆಯಲ್ಲಿ ತಿದಿಯೊತ್ತುವುದರಿಂದಲೇ ವಿದ್ಯೆ ಆರಂಭವಾಗುತ್ತಿತ್ತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ ಮುಂದೆ ಮಂಗಳೂರಿನಲ್ಲಿ ಯಾಂತ್ರಿಕ ಕಾರ್ಯಾಗಾರವನ್ನೂ ನಡೆಸಿತು.

ಕಾನೂನು ಏನು ಹೇಳುತ್ತದೆ?

1961ರ ಶಿಶಿಕ್ಷು ಅಧಿನಿಯಮ, ಅಂದರೆ ಅಪ್ರೆಂಟಿಸ್ ಕಾಯಿದೆ, ಈ ಕಲಿಕೆಗೆ ಲಿಖಿತ ಒಪ್ಪಂದದ ರೂಪ ಕೊಟ್ಟಿತು. 2019ರ ನಿಯಮ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಘಟಕಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಮಂದಿಯುಳ್ಳ ಘಟಕಗಳಿಗೆ ಇದು ಐಚ್ಛಿಕ. ಸಣ್ಣ ಫ್ಯಾಬ್ರಿಕೇಶನ್ ಘಟಕಗಳಲ್ಲಿ ಅನೇಕವು ಈ ಎರಡನೆಯ ವರ್ಗಕ್ಕೆ ಸೇರುತ್ತವೆ. ತಮಗೆ ಈ ಬಾಗಿಲು ತೆರೆದಿದೆಯೆಂಬುದನ್ನು ಅವು ಗಮನಿಸಬೇಕು.

ಖರ್ಚಿನ ಲೆಕ್ಕ ಹೀಗಿದೆ. 2019ರ ನಿಯಮಗಳು ಐ.ಟಿ.ಐ. ಪ್ರಮಾಣಪತ್ರ ಪಡೆದವನಿಗೆ ಮೊದಲ ವರ್ಷ ಮಾಸಿಕ ಕನಿಷ್ಠ 7,000 ರೂಪಾಯಿ ಶಿಷ್ಯವೇತನ ಗೊತ್ತುಪಡಿಸಿದವು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯು ಶಿಷ್ಯವೇತನದ ಶೇ. 25ರಷ್ಟನ್ನು, 1,500 ರೂಪಾಯಿಗಳ ಮಿತಿಯಲ್ಲಿ, ಸರ್ಕಾರದ ಪಾಲಾಗಿ ನಿಗದಿಗೊಳಿಸಿತು. ಈ ಲೆಕ್ಕದಲ್ಲಿ ಮಾಲೀಕನ ಪಾಲು 5,500 ರೂಪಾಯಿ. ಒಪ್ಪಂದಕ್ಕೆ ಮುನ್ನ ಜಾರಿಯಲ್ಲಿರುವ ದರವನ್ನು ಸರ್ಕಾರಿ ಪೋರ್ಟಲ್‌ನಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು.

ಅಪ್ರೆಂಟಿಸ್ ಕಾನೂನಿನ ದೃಷ್ಟಿಯಲ್ಲಿ ಕಲಿಯುವವನು, ಕಾರ್ಮಿಕನಲ್ಲ. ಹಾಗೆಂದು ಅವನನ್ನು ಅಗ್ಗದ ಕೂಲಿಯೆಂದು ಭಾವಿಸಬಾರದು. ಕೆಲಸದಲ್ಲಿ ಅಪಘಾತವಾದರೆ ಪರಿಹಾರದ ಹೊಣೆ ಮಾಲೀಕನದೇ. ಅಪಾಯಕಾರಿ ಉದ್ದಿಮೆಗಳಲ್ಲಿ 18 ವರ್ಷ ತುಂಬಿದವರನ್ನು ಮಾತ್ರ ತೆಗೆದುಕೊಳ್ಳಬಹುದು. ವೆಲ್ಡಿಂಗ್ ಕನ್ನಡಕ, ಕೈಗವಸು, ಎತ್ತರದ ಕೆಲಸಕ್ಕೆ ಸುರಕ್ಷಾ ಬೆಲ್ಟು, ಇವುಗಳ ಬಳಕೆಯೇ ಮೊದಲ ಪಾಠವಾಗಬೇಕು.

ಬಿಟ್ಟುಹೋದರೆ ನಷ್ಟ ಯಾರಿಗೆ?

ಉಳಿಯುವ ಪ್ರಶ್ನೆ ಕಲಿತವನು ಬಿಟ್ಟುಹೋಗುವುದು. ಇದಕ್ಕೆ ಅಮೆರಿಕದ ಕಬ್ಬಿಣ ಕೆಲಸಗಾರರ ಸಂಘದ ಪದ್ಧತಿ ಗಮನಾರ್ಹ. 1896ರಲ್ಲಿ ಸ್ಥಾಪನೆಯಾದ ಆ ಸಂಘದ ತರಬೇತಿ ಸಾಮಾನ್ಯವಾಗಿ 3ರಿಂದ 4 ವರ್ಷದ್ದು. ಕಲಿಯುವವನಿಗೆ ಮೊದಲ ದಿನದಿಂದಲೇ ವೇತನವುಂಟು. ಕೌಶಲ ಬೆಳೆದಂತೆ ಅದು ಹಂತಹಂತವಾಗಿ ಏರುತ್ತದೆ. ತರಬೇತಿಯ ಖರ್ಚನ್ನು ಒಬ್ಬನೇ ಗುತ್ತಿಗೆದಾರ ಹೊರುವುದಿಲ್ಲ. ದುಡಿದ ಗಂಟೆಗಿಷ್ಟು ಎಂದು ಎಲ್ಲ ಗುತ್ತಿಗೆದಾರರೂ ಒಂದು ನಿಧಿಗೆ ಸಲ್ಲಿಸುತ್ತಾರೆ. ಅದನ್ನು ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಜತೆಯಾಗಿ ನಡೆಸುತ್ತಾರೆ. ಕಲಿತವನು ಒಬ್ಬರನ್ನು ಬಿಟ್ಟು ಇನ್ನೊಬ್ಬರಲ್ಲಿಗೆ ಹೋದರೂ ಅವನ ವಿದ್ಯೆ ಅದೇ ವಲಯದಲ್ಲಿ ಉಳಿಯುತ್ತದೆ.

ಅಂತಹ ಸಂಘ ನಮ್ಮಲ್ಲಿಲ್ಲದಿದ್ದರೂ ಅದರ ತತ್ತ್ವವನ್ನು ಅಳವಡಿಸಿಕೊಳ್ಳಲು ಅಡ್ಡಿಯಿಲ್ಲ. ಬೈಕಂಪಾಡಿಯ ಹತ್ತು ಘಟಕಗಳು ಒಟ್ಟುಗೂಡಿ, ತಲಾ ಒಬ್ಬನಂತೆ ಹತ್ತು ಹುಡುಗರನ್ನು ಕದ್ರಿ ಹಿಲ್ಸ್‌ನ ಸರ್ಕಾರಿ ಐ.ಟಿ.ಐ.ಯಂತಹ ಸಂಸ್ಥೆಗಳಿಂದ ಆಯ್ದುಕೊಂಡು, ಕಲಿಸುವ ಖರ್ಚನ್ನು ಹಂಚಿಕೊಳ್ಳಬಹುದು. ಅವರಲ್ಲಿ ನಾಲ್ವರು ಗಲ್ಫಿಗೆ ಹೋದರೂ ಆರು ಮಂದಿ ಊರಿನಲ್ಲಿ ಉಳಿದಾರು. ಈಗಿರುವಂತೆ ಯಾರೂ ಕಲಿಸದಿದ್ದರೆ ಉಳಿಯುವವರು ಒಬ್ಬರೂ ಇಲ್ಲ. ಮುಂದಿನ ಮಳೆಗಾಲದ ಆರ್ಡರು ಹಿಡಿಯುವ ಮೊದಲು ಉದ್ದಿಮೆದಾರರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡುವುದು ಒಳಿತು.