ಶೀತದೇಶದ ಶಿಲಾಗೃಹಗಳೂ ಸುಣ್ಣದ ಗಾರೆಯೂ

‘ಸೌಧ’ ಎಂಬ ಶಬ್ದವನ್ನು ನಾವು ಈಗ ದೊಡ್ಡ ಕಟ್ಟಡವೆಂಬ ಅರ್ಥದಲ್ಲಿ ಮಾತ್ರ ಬಳಸುತ್ತಿರುವೆವು. ವ್ಯುತ್ಪತ್ತಿಯನ್ನು ವಿಚಾರಿಸಿದರೆ ಅದು ‘ಸುಧಾ’ ಶಬ್ದದಿಂದ ಹುಟ್ಟಿದುದು. ಸುಧೆಯೆಂದರೆ ಅಮೃತವೆಂದೂ, ಗೋಡೆಗೆ ಬಳಿಯುವ ಸುಣ್ಣದ ಲೇಪವೆಂದೂ ಕೋಶಕಾರರು ಹೇಳುವರು. ಅಂತಹ ಲೇಪವುಳ್ಳ ಮನೆಯೇ ಸೌಧ. ಈ ನಿರುಕ್ತಿಯನ್ನು ಹಿಡಿದು ಹೊರಟರೆ, 1956ರಲ್ಲಿ ಪೂರ್ತಿಯಾದ ಬೆಂಗಳೂರಿನ ವಿಧಾನಸೌಧವು ಹೊರಮೈಯಲ್ಲಿ ಬರಿಯ ಕಗ್ಗಲ್ಲನ್ನೇ ತೋರುವುದರಿಂದ ಸೌಧವೆನಿಸಲಾರದು. ಆದರೆ ಯೋಗಕ್ಕಿಂತ ರೂಢಿಯು ಬಲವತ್ತರವಷ್ಟೆ. ಕನ್ನಡದ ‘ಸುಣ್ಣ’ವು ಸಂಸ್ಕೃತದ ‘ಚೂರ್ಣ’ದ ತದ್ಭವ. ಎರಡು ಕಲ್ಲುಗಳ ನಡುವಣ ಎಡೆಗೆ ಕಲ್ಲುಕುಟಿಗರು ಹೇಳುವ ‘ಸಂದು’ ಎಂಬ ಮಾತು ವೈಯಾಕರಣರ ‘ಸಂಧಿ’ಯೇ ಆಗಿರುವುದು. ಆ ಸಂದಿನಲ್ಲಿ ಏನನ್ನು ತುಂಬಬೇಕು, ಹಿಮ ಬೀಳುವ ನಾಡಿನಲ್ಲಿ ಅದನ್ನು ತಪ್ಪಾಗಿ ತುಂಬಿದರೆ ಮನೆಯು ಹೇಗೆ ಕೆಡುವುದು ಎಂಬುದೇ ಪ್ರಕೃತ ಲೇಖನದ ವಿಷಯ. ದೃಷ್ಟಾಂತಕ್ಕಾಗಿ ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರವನ್ನು ತೆಗೆದುಕೊಂಡಿರುವೆನು. ಕಲ್ಲಿನ ಮನೆಗಳಲ್ಲಿ ಇಷ್ಟು ಜನ ಇಂದಿಗೂ ವಾಸಮಾಡುತ್ತಿರುವ, ಅವುಗಳ ರೋಗನಿದಾನವು ಇಷ್ಟು ಚೆನ್ನಾಗಿ ನಡೆದಿರುವ ಶೀತನಗರಗಳು ವಿರಳ.

ಮೊದಲು ನೀರಿನ ಸ್ವಭಾವವನ್ನು ನೋಡೋಣ. ಸಾಮಾನ್ಯವಾಗಿ ದ್ರವಗಳು ಘನೀಭವಿಸುವಾಗ ಕುಗ್ಗುವುವು, ನೀರಾದರೋ ಹಿಗ್ಗುವುದು. ನೂರು ಪಾಲು ನೀರು ಮಂಜುಗಡ್ಡೆಯಾದಾಗ ಸುಮಾರು ನೂರೊಂಬತ್ತು ಪಾಲಿನಷ್ಟು ಸ್ಥಳವನ್ನು ಬೇಡುವುದು. ಕಲ್ಲಿನೊಳಗೆ ಕಣ್ಣಿಗೆ ಕಾಣದ ರಂಧ್ರಗಳುಂಟು. ಅವುಗಳಲ್ಲಿ ಅರ್ಧದಷ್ಟೇ ನೀರಿದ್ದರೆ ಹಿಗ್ಗಿದ ಗಡ್ಡೆಗೆ ಉಳಿದರ್ಧದಲ್ಲಿ ಅವಕಾಶವುಂಟಾಗಿ ಕಲ್ಲಿಗೆ ಬಾಧೆಯಿಲ್ಲ. 91 ಪಾಲು ತುಂಬಿದ್ದರೆ ಅದು 99 ಪಾಲಾಗುವುದು. ಅಲ್ಲಿಗೆ ಅವಕಾಶವೆಲ್ಲ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ ತೊಯ್ದ ಕಲ್ಲು ಒಳಗಿನಿಂದಲೇ ಒತ್ತಡಕ್ಕೀಡಾಗುವುದು. ಇದು ಶಾಲೆಗಳಲ್ಲಿ ಹೇಳಿಕೊಡುವ ವಿವರಣೆ. ಇದು ನಿಜವೇ, ಆದರೆ ಪೂರ್ಣವಲ್ಲ. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರನು 1930ರ ಸುಮಾರಿನಲ್ಲಿ ಒಂದು ವಿಚಿತ್ರ ಪರೀಕ್ಷೆಯನ್ನು ಮಾಡಿದನು. ನೀರಿಗೆ ಬದಲು, ಹೆಪ್ಪುಗಟ್ಟುವಾಗ ಕುಗ್ಗುವ ಬೆಂಜೀನ್ ಎಂಬ ದ್ರವವನ್ನು ಮಣ್ಣಿನಲ್ಲಿ ತುಂಬಿ ತಣಿಸಿದನು. ಆಗಲೂ ಮಣ್ಣು ಉಬ್ಬಿತು! ಇದರಿಂದ ತಿಳಿದುದೇನೆಂದರೆ, ಒಂದೆಡೆ ಹುಟ್ಟಿದ ಗಡ್ಡೆಯ ಹರಳು ಸುತ್ತಣ ಸೂಕ್ಷ್ಮರಂಧ್ರಗಳಿಂದ ಇನ್ನೂ ಹೆಪ್ಪುಗಟ್ಟದ ದ್ರವವನ್ನು ತನ್ನತ್ತ ಸೆಳೆದುಕೊಂಡು ಬೆಳೆಯುವುದು. ಹಾಗೆ ಬೆಳೆಯುತ್ತ ತನ್ನ ಸುತ್ತಲಿನದನ್ನು ಸೀಳುವುದು. ರಂಧ್ರಗಳುಳ್ಳ ಕಲ್ಲಿನಲ್ಲಿಯೂ ಈ ಎರಡು ಕಾರಣಗಳು ಸೇರಿ ಕೆಲಸಮಾಡುವುವು.

ಆದಕಾರಣ ಚಳಿಯ ತೀವ್ರತೆಯೊಂದೇ ಪ್ರಮಾಣವಲ್ಲ. ಲಡಾಖಿನ ಲೇಹ್ ಪಟ್ಟಣದಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ 15 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿಯುವುದುಂಟು. ಆದರೂ ಅಲ್ಲಿ ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯ ಮನೆಗಳೇ ತಲೆಮಾರುಗಳ ಕಾಲ ನಿಂತಿವೆ. ವರ್ಷಕ್ಕೆ ಸುಮಾರು 4 ಅಂಗುಲ ಮಳೆಯಾಗುವೆಡೆಯಲ್ಲಿ ಹೆಪ್ಪುಗಟ್ಟಲು ನೀರೇ ಇಲ್ಲ. ಎಡಿನ್‌ಬರೋವಿನ ಚಳಿ ಅಷ್ಟು ಉಗ್ರವಲ್ಲ. ಅಲ್ಲಿ ಸುಮಾರು 28 ಅಂಗುಲ ಮಳೆಯು ಹನ್ನೆರಡು ತಿಂಗಳಿಗೂ ಹಂಚಿಹೋಗಿ ಬೀಳುವುದು. ಚಳಿಗಾಲದಲ್ಲಿ ಉಷ್ಣತೆಯು ಸೊನ್ನೆಯ ಆಚೆಗೂ ಈಚೆಗೂ ಮತ್ತೆ ಮತ್ತೆ ದಾಟುತ್ತಿರುವುದು. ಹಗಲು ತೊಯ್ದು ರಾತ್ರಿ ಹೆಪ್ಪುಗಟ್ಟಿ ಮರುದಿನ ಕರಗುವ ಈ ಆವರ್ತನವೇ ಗೋಡೆಯ ಶತ್ರು. ನಮ್ಮ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ದೇವಾಲಯಗಳೂ ಮರಳುಗಲ್ಲಿನವೇ. ಹದಿಮೂರು ಶತಮಾನಗಳು ಕಳೆದರೂ ಅವು ಈ ಒಂದು ಶತ್ರುವನ್ನು ಕಂಡಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಎಡಿನ್‌ಬರೋವಿನ ‘ಹೊಸ ನಗರ’ವು 1767ರಲ್ಲಿ ಅಂಗೀಕೃತವಾದ ಜೇಮ್ಸ್ ಕ್ರೇಗನ ನಕ್ಷೆಯಂತೆ ಬೆಳೆಯತೊಡಗಿತು. ಮನೆಗಳಿಗೆ ಬೇಕಾದ ಮರಳುಗಲ್ಲು ಊರ ಸುತ್ತಣ ಗಣಿಗಳಿಂದಲೇ ಬಂದಿತು. ಅವುಗಳಲ್ಲಿ ಕ್ರೇಗ್ಲೀತ್ ಗಣಿಯ ಕಲ್ಲು ಉಳಿಗೆ ಸುಲಭವಾಗಿ ಬಗ್ಗದ ಗಟ್ಟಿತನಕ್ಕೆ ಹೆಸರಾದುದು. ಗೋಡೆಯು ಸಾಮಾನ್ಯವಾಗಿ ಎರಡಡಿ ದಪ್ಪ. ಬೀದಿಯ ಕಡೆಗೆ ನಯವಾಗಿ ಕೆತ್ತಿದ ಚಪ್ಪಡಿಗಳು, ಒಳಗಡೆಗೆ ಒರಟುಕಲ್ಲು, ನಡುವೆ ಚಕ್ಕೆಗಳೂ ಗಾರೆಯೂ ಸೇರಿದ ತುಂಬು. ಅಲ್ಲಲ್ಲಿ ಎರಡು ಮೈಗಳನ್ನೂ ಬಿಗಿಯುವ ಉದ್ದಗಲ್ಲುಗಳು. ಮರಳುಗಲ್ಲು ನೀರಿನಡಿಯಲ್ಲಿ ಪದರಪದರವಾಗಿ ಕೂಡಿಬಂದುದು. ಭೂಮಿಯಲ್ಲಿ ಆ ಪದರಗಳು ಹೇಗೆ ಮಲಗಿದ್ದವೋ ಗೋಡೆಯಲ್ಲಿಯೂ ಹಾಗೆಯೇ ಮಲಗಿಸತಕ್ಕದ್ದು. ಪದರವು ಬೀದಿಗೆ ಮುಖಮಾಡಿ ನಿಲ್ಲುವಂತೆ ಇಟ್ಟರೆ ಹಿಮವು ಓಲೆಗರಿಯ ಕಟ್ಟಿನಿಂದ ಒಂದೊಂದು ಗರಿಯನ್ನು ತೆಗೆಯುವಂತೆ ಅದನ್ನು ಸುಲಿಯುತ್ತ ಹೋಗುವುದು. ರೋಮಿನ ವಿಟ್ರೂವಿಯಸನು ತನ್ನ ವಾಸ್ತುಗ್ರಂಥದಲ್ಲಿ, ಕಲ್ಲನ್ನು ಬೇಸಗೆಯಲ್ಲಿ ತೆಗೆದು ಎರಡು ವರ್ಷ ಬಯಲಿನಲ್ಲಿ ಬಿಟ್ಟು, ಕೆಟ್ಟುದನ್ನು ತಳಪಾಯಕ್ಕೂ ಕೆಡದುದನ್ನು ಮೇಲಣ ಗೋಡೆಗೂ ಬಳಸಬೇಕೆಂದು ವಿಧಿಸಿರುವನು. ಶಿಲಾಪರೀಕ್ಷೆಗೆ ಇದಕ್ಕಿಂತ ಸರಳವಾದ ಮಾರ್ಗವನ್ನು ನಾನು ಕಾಣೆ.

ಇನ್ನು ಗಾರೆಯ ವಿಚಾರ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯ ಉರಿಯಲ್ಲಿ ಸುಟ್ಟರೆ ಅದರೊಳಗಿನ ಅಂಗಾರಾಮ್ಲವಾಯುವು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುವುದು. ನೀರೆರೆದರೆ ಅದು ಕುದಿದು ಅರಳುವುದು. ಮರಳು ಬೆರಸಿ ಸಂದಿನಲ್ಲಿಟ್ಟ ಮೇಲೆ, ಕಳೆದುಕೊಂಡ ಆ ವಾಯುವನ್ನೇ ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಪಡೆದು ಪುನಃ ಸುಣ್ಣದ ಕಲ್ಲಾಗುವುದು. ಕಲ್ಲು ಪುಡಿಯಾಗಿ, ಪುಡಿ ಕಲ್ಲಾಗುವ ಈ ಚಕ್ರವು ಬಹಳ ಮಂದಗತಿಯದು. ತಿಂಗಳಿಗೆ ಒಂದು ಮಿಲಿಮೀಟರಿನಷ್ಟು ಆಳಕ್ಕೆ ಇಳಿಯುವುದೆಂದು ಕುಶಲರು ಸ್ಥೂಲವಾಗಿ ಗಣಿಸುವರು. ಮೂಲಶಿಲೆಯಲ್ಲಿ ಜೇಡಿಯ ಅಂಶವಿದ್ದರೆ ಸುಣ್ಣವು ನೀರಿನೊಳಗೂ ಗಟ್ಟಿಯಾಗುವುದೆಂಬುದನ್ನು ಎಡಿಸ್ಟನ್ ದೀಪಸ್ತಂಭವನ್ನು ಕಟ್ಟಿದ ಜಾನ್ ಸ್ಮೀಟನ್ನನು 1756ರ ಸುಮಾರಿನಲ್ಲಿ ಕಂಡುಕೊಂಡನು. ಬಳಿಕ 1824ರಲ್ಲಿ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ನನು ಪೋರ್ಟ್‌ಲೆಂಡ್ ಸಿಮೆಂಟಿಗೆ ಸನ್ನದು ಪಡೆದನು. ಪೋರ್ಟ್‌ಲೆಂಡ್ ಎಂಬುದು ಇಂಗ್ಲೆಂಡಿನ ಪ್ರಸಿದ್ಧ ಕಲ್ಲೊಂದರ ಹೆಸರು. ಆ ಕಲ್ಲಿಗೆ ಹೋಲುವುದೆಂಬ ಪ್ರಶಂಸೆಗಾಗಿ ಇಟ್ಟ ಹೆಸರೇ ಕ್ರಮೇಣ ಕಲ್ಲಿನ ವೈರಿಗೂ ಅಂಟಿಕೊಂಡಿತು.

‘ವೈರಿ’ ಎಂಬುದು ಕಠಿಣವಾದ ಮಾತೆಂದು ವಾಚಕರಿಗೆ ತೋರಬಹುದು. ಹೊಸದಾಗಿ ಕಟ್ಟುವ ಕೆಲಸಗಳಲ್ಲಿ ಸಿಮೆಂಟಿನ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹಳೆಯ ಮರಳುಗಲ್ಲಿನ ಸಂದಿನಲ್ಲಿ ಅದು ಮಾಡುವ ಅನರ್ಥ ಬೇರೆ. ಮಳೆಯ ನೀರು ಗೋಡೆಯನ್ನು ಹೊಗುವುದನ್ನು ಪೂರ್ತಿಯಾಗಿ ತಡೆಯಲು ಸಾಧ್ಯವಿಲ್ಲ. ಹೊಕ್ಕ ನೀರು ಹೊರಡುವ ದಾರಿ ಯಾವುದು? ಸುಣ್ಣದ ಗಾರೆಯು ಕಲ್ಲಿಗಿಂತ ಮೆದು, ಕಲ್ಲಿಗಿಂತ ಹೆಚ್ಚು ರಂಧ್ರಗಳುಳ್ಳುದು. ಆದುದರಿಂದ ನೀರು ಸಂದಿನ ಮೂಲಕವೇ ಆವಿಯಾಗಿ ಹೋಗುವುದು. ಹಿಮದ ಏಟೂ, ನೀರಿನೊಡನೆ ಬರುವ ಲವಣಗಳ ಏಟೂ ಗಾರೆಯ ಮೇಲೆಯೇ ಬೀಳುವುವು. ಗಾರೆಯು ಸವೆಯುವುದು, ಕಲ್ಲು ಉಳಿಯುವುದು. ಅದು ಸವೆಯುವುದಕ್ಕಾಗಿಯೇ ಇಟ್ಟುದು. ಸಂದಿನ ಬಾಯಿಗೆ ಸಿಮೆಂಟು ಹಾಕಿದರೆ ಇದು ತಲೆಕೆಳಗಾಗುವುದು. ಸಿಮೆಂಟು ಕಲ್ಲಿಗಿಂತ ಗಡುಸು, ನೀರನ್ನು ಸುಲಭವಾಗಿ ಬಿಡದು. ನೀರು ಕಲ್ಲಿನ ಮೈಯಿಂದಲೇ ಹೊರಡಬೇಕು. ಸಂದಿನ ಪಕ್ಕದ ಅಂಚುಗಳಲ್ಲಿ ಅದು ಕಟ್ಟಿನಿಲ್ಲುವುದು. ಹಿಮದ ರಾತ್ರಿಗಳಲ್ಲಿ ಆ ಅಂಚುಗಳೇ ಚಕ್ಕೆಯೇಳುವುವು. ಇಂತಹ ಗೋಡೆಯನ್ನು ಗುರುತಿಸುವುದು ಸುಲಭ. ಕಲ್ಲುಗಳೆಲ್ಲ ಒಳಸವೆದು, ಅವುಗಳ ಸುತ್ತ ಸಿಮೆಂಟಿನ ಗೆರೆಗಳು ಜೇನುಹುಟ್ಟಿನ ಗೋಡೆಗಳಂತೆ ಮುಂದಕ್ಕೆ ಚಾಚಿಕೊಂಡಿರುವುವು. ಕಾಯಬೇಕಾದುದು ಕರಗಿತು, ಕರಗಬೇಕಾದುದು ನಿಂತಿತು.

ಇಪ್ಪತ್ತನೆಯ ಶತಮಾನದಲ್ಲಿ ಸ್ಕಾಟ್‌ಲೆಂಡಿನ ಮನೆಗಳಲ್ಲಿ ಬಹುಭಾಗ ಈ ಚಿಕಿತ್ಸೆಯೇ ನಡೆಯಿತು. ಕಲ್ಲು ಕೆಟ್ಟೆಡೆಯಲ್ಲಿ ಬಣ್ಣ ಬೆರಸಿದ ಸಿಮೆಂಟಿನ ತೇಪೆಯನ್ನು ಹಚ್ಚಿ ಕಲ್ಲಿನಂತೆ ತೋರಿಸುವ ಪದ್ಧತಿಯೂ ಬಂದಿತು. ತೇಪೆಯ ಹಿಂದೆ ನೀರು ನಿಂತು ಹೆಪ್ಪುಗಟ್ಟಿ, ಅದು ತನ್ನೊಡನೆ ಒಳ್ಳೆಯ ಕಲ್ಲನ್ನೂ ಕಿತ್ತುಕೊಂಡು ಬೀಳುವುದು. ಇದು ಕೇವಲ ಸೌಂದರ್ಯದ ಪ್ರಶ್ನೆಯಲ್ಲ. ನಾಲ್ಕೈದು ಅಂತಸ್ತಿನ ಮೇಲಿನಿಂದ ಸಡಿಲವಾದ ಕಲ್ಲು ಜನ ನಡೆದಾಡುವ ಬೀದಿಗೇ ಬೀಳುವುದು. 2000ದ ಜೂನ್ ತಿಂಗಳಿನಲ್ಲಿ ಎಡಿನ್‌ಬರೋ ನಗರದ ಪಶ್ಚಿಮಭಾಗದಲ್ಲಿ ಹಾಗೆ ಬಿದ್ದ ಕಲ್ಲಿನಿಂದ ತರುಣಿಯೊಬ್ಬಳು ಮೃತಳಾದಳು. ಆ ಕಲ್ಲು ಸಿಮೆಂಟಿನಿಂದಲೇ ಸಡಿಲವಾಯಿತೆಂದು ನಾನು ಹೇಳುತ್ತಿಲ್ಲ. ಎತ್ತರದ ಕಲ್ಲುಕೆಲಸವನ್ನು ಅಲಕ್ಷಿಸಿದರೆ ತೆರಬೇಕಾದ ಬೆಲೆಯೇನೆಂಬುದನ್ನು ಆ ದುರ್ಮರಣವು ತೋರಿಸುವುದು.

ಜೀರ್ಣೋದ್ಧಾರದ ಕ್ರಮವನ್ನು ಈಗ ಹೇಳುವೆನು. ಗೋಡೆಯನ್ನು ಮುಟ್ಟುವುದಕ್ಕೆ ಮೊದಲು ನೀರಿನ ದಾರಿಯನ್ನು ಸರಿಪಡಿಸಬೇಕು. ಮಾಡಿನಂಚಿನ ದೋಣಿ ತುಂಬಿ ಗೋಡೆಯ ಮೇಲೆ ಹರಿಯುತ್ತಿರುವಾಗ ಸಂದುಗಳನ್ನು ತುಂಬುವುದು ವ್ಯರ್ಥ. ಹೊಗೆಗೂಡುಗಳೂ ಕೈಪಿಡಿಗೋಡೆಗಳೂ ಎರಡು ಮೈಗಳಿಂದಲೂ ತೊಯ್ಯುವುದರಿಂದ ಮೊದಲು ಕೆಡುವುದು ಅಲ್ಲಿಯೇ. ಬಳಿಕ ಹಳೆಯ ಸಿಮೆಂಟನ್ನು ಉಳಿ ಸುತ್ತಿಗೆಗಳಿಂದ ಕೈಯಲ್ಲಿಯೇ ಬಿಡಿಸಬೇಕು. ವಿದ್ಯುಚ್ಚಾಲಿತವಾದ ಕೊಯ್ಯುವ ಚಕ್ರವನ್ನು ಹಿಡಿದರೆ ಕೆಲಸ ಬೇಗ ಮುಗಿಯುವುದು ನಿಜ; ಆದರೆ ಸಂದಿನೊಡನೆ ಕಲ್ಲಿನ ಅಂಚೂ ಹೋಗಿ, ಎಳೆಯಂತಿದ್ದ ಗೆರೆಯು ಹಗ್ಗದಂತಾಗುವುದು. ಒಂದು ಅಂಗುಲದಷ್ಟಾದರೂ, ಅಗಲವಾದ ಸಂದಿನಲ್ಲಿ ಅಗಲದ ಎರಡರಷ್ಟು, ಆಳಕ್ಕೆ ಬಿಡಿಸಿ ಧೂಳನ್ನು ತೊಳೆದು, ಕಲ್ಲು ಒದ್ದೆಯಿರುವಾಗಲೇ ಗಾರೆಯನ್ನು ಒತ್ತಬೇಕು. ಒಣಗಿದ ಕಲ್ಲು ಗಾರೆಯ ನೀರನ್ನು ಹೀರಿ ಅದನ್ನು ಬರಿಯ ಮರಳನ್ನಾಗಿಸುವುದು. ಒರಟುಕಲ್ಲಿನ ಅಗಲವಾದ ಸಂದುಗಳಲ್ಲಿ ಗಾರೆಯನ್ನೇ ತುಂಬದೆ ಚಿಕ್ಕ ಕಲ್ಲುಚಕ್ಕೆಗಳನ್ನು ಬೆಣೆಯಂತೆ ಸೇರಿಸುವುದು ಸ್ಕಾಟ್‌ಲೆಂಡಿನ ಹಳೆಯ ಪದ್ಧತಿ. ಗಾರೆಯು ತುಸು ಬಿಗಿದ ಮೇಲೆ ಬಿರುಸಾದ ಕುಂಚದಿಂದ ಕುಟ್ಟಿ ಮೈಯನ್ನು ಒರಟು ಮಾಡುವರು. ಕರಣೆಯಿಂದ ನಯಮಾಡಿದರೆ ರಂಧ್ರಗಳು ಮುಚ್ಚಿಹೋಗುವುವು. ಗಾರೆಯು ಕಲ್ಲಿನ ಮುಖಕ್ಕಿಂತ ಮುಂದೆ ಬರಬಾರದು.

ಆಮೇಲಿನ ಆರೈಕೆಯೇ ಕಷ್ಟತರವಾದುದು. ಎಳೆಯ ಗಾರೆಯನ್ನು ಒದ್ದೆಯ ಗೋಣಿತಟ್ಟಿನಿಂದ ಹೊದಿಸಿ ಗಾಳಿ ಬಿಸಿಲುಗಳಿಂದಲೂ ಮಳೆಯಿಂದಲೂ ಕಾಪಾಡಬೇಕು. ಉಷ್ಣತೆಯು 5 ಡಿಗ್ರಿಗಿಂತ ಕೆಳಗಿಳಿಯುವ ಕಾಲದಲ್ಲಿ ಕೆಲಸ ಹಿಡಿಯಲೇಬಾರದು. ಬಲಿಯದ ಗಾರೆಯಲ್ಲಿ ನೀರು ತುಂಬಿರುವುದರಿಂದ ಒಂದೇ ರಾತ್ರಿಯ ಹಿಮವು ಅದನ್ನು ಪುಡಿಮಾಡೀತು. ಆದುದರಿಂದ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಮಾತ್ರ ಈ ಕೆಲಸ ನಿರಾತಂಕವಾಗಿ ನಡೆಯುವುದು. ವರ್ಷದ ಅರ್ಧಭಾಗ ಕೈಕಟ್ಟಿ ಕುಳಿತುಕೊಳ್ಳಲು ಒಪ್ಪದ ಗುತ್ತಿಗೆದಾರನಿಗೆ ಸಿಮೆಂಟು ಪ್ರಿಯವಾದುದರಲ್ಲಿ ಆಶ್ಚರ್ಯವೇನು?

ತೀರ ಕೆಟ್ಟ ಕಲ್ಲನ್ನು ಸುಮಾರು ನಾಲ್ಕಂಗುಲ ಆಳಕ್ಕೆ ಕಡಿದು ತೆಗೆದು ಹೊಸ ಕಲ್ಲನ್ನು ಕೂರಿಸುವರು. ಹೊಸ ಕಲ್ಲಿನ ಬಣ್ಣ ಹೊಂದಿದರೆ ಸಾಲದು, ನೀರನ್ನು ಹೀರುವ ಬಿಡುವ ಗುಣವೂ ಹೊಂದಬೇಕು. ಇಲ್ಲವಾದರೆ ಹೊಸದು ಹಳೆಯ ನೆರೆಯವನನ್ನು ಕೆಡಿಸುವುದು. ಬ್ರಿಟಿಷ್ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯು ಕಲ್ಲಿನ ತೆಳುಹೋಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ತಕ್ಕ ಗಣಿಯನ್ನು ಸೂಚಿಸುವುದು. ಮೂಲದ ಗಣಿಗಳು ಬಹುತೇಕ ಮುಚ್ಚಿಹೋಗಿವೆ. ಕ್ರೇಗ್ಲೀತ್ ಗಣಿಯನ್ನು ತುಂಬಿ ಅದರ ಮೇಲೆ ಅಂಗಡಿಗಳ ಸಮುಚ್ಚಯವನ್ನು ಕಟ್ಟಲಾಗಿದೆ. ಇದರ ಮೇಲೆ ಇನ್ನೊಂದು ತೊಡಕುಂಟು: ಒಂದೇ ಗೋಡೆಯ ಹಿಂದೆ ಹಲವು ಮನೆಗಳು, ಹಲವು ಒಡೆಯರು. ಮೇಲಂತಸ್ತಿನವನ ಹೊಗೆಗೂಡಿಗೆ ಕೆಳಗಿನವನು ಏಕೆ ಹಣ ಕೊಡಬೇಕೆಂಬ ವಾದ ಹಳೆಯದು. ಸ್ಕಾಟ್‌ಲೆಂಡಿನಲ್ಲಿ 2004ರಲ್ಲಿ ಆದ ಶಾಸನವು, ಹಕ್ಕುಪತ್ರಗಳಲ್ಲಿ ಬೇರೆ ವಿಧಿಯಿಲ್ಲದೆಡೆಯಲ್ಲಿ, ಹೊರಗೋಡೆಯಂತಹ ಭಾಗಗಳ ದುರಸ್ತಿಯನ್ನು ಒಡೆಯರ ಬಹುಮತದಿಂದ ನಿರ್ಣಯಿಸಲು ಅವಕಾಶ ಕೊಟ್ಟಿತು.

ನಮ್ಮ ದೇಶದಲ್ಲಿಯೇ ಹಿಮಾಚಲ ಪ್ರದೇಶದ ಕುಲ್ಲು, ಕಿನ್ನೌರ ಪ್ರಾಂತಗಳ ಜನರು ಇದೇ ಪ್ರಶ್ನೆಗೆ ಬೇರೆ ಉತ್ತರವನ್ನು ಕಂಡುಕೊಂಡರು. ಅಲ್ಲಿಯ ‘ಕಾಠ್‌ಕುಣಿ’ ಮನೆಗಳಲ್ಲಿ ದೇವದಾರು ತೊಲೆಗಳ ಒಂದು ವರಸೆ, ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಒಂದು ವರಸೆ, ಹೀಗೆ ಗೋಡೆಯೇಳುವುದು. ಕಾಷ್ಠವೂ ಕೋಣವೂ ಸೇರಿ ಈ ಹೆಸರಾಯಿತು; ತೊಲೆಗಳು ಮೂಲೆಗಳಲ್ಲಿ ಹೆಣೆದುಕೊಂಡಿರುವುದರಿಂದ ಅದು ಅನ್ವರ್ಥವಾಗಿದೆ. ಸಂದಿನಲ್ಲಿ ಏನೂ ಇಲ್ಲದಿರುವಾಗ ನೀರಿಗೆ ತಡೆಯಿಲ್ಲ. ಭೂಕಂಪದಲ್ಲಿ ಕಲ್ಲುಗಳು ತುಸು ಜರುಗಿ ಮತ್ತೆ ನೆಲೆಗೊಳ್ಳಲು ಎಡೆಯೂ ಉಂಟು.

ಕೊನೆಯದಾಗಿ ಪರಿಭಾಷೆಯ ಬಗ್ಗೆ ಒಂದು ಮಾತು. ಕನ್ನಡದ ಪಠ್ಯಗಳಲ್ಲಿಯೂ ಅನುವಾದಗಳಲ್ಲಿಯೂ ಕಲ್ಲುಗಳ ನಡುವೆ ಇಡುವುದನ್ನೆಲ್ಲ ‘ಸಿಮೆಂಟು’ ಎಂದು ಬರೆಯುವುದು ಕಾಣಬರುತ್ತದೆ. ಆಸ್ಪ್‌ಡಿನ್ನನಿಗಿಂತ ಹಿಂದಿನ ಕೋಟೆಕೊತ್ತಲಗಳಿಗೂ ಈ ಮಾತು ಅಂಟಿದೆ. ಸುಣ್ಣದಿಂದಾದುದನ್ನು ‘ಗಾರೆ’ ಎಂದೇ ಕರೆಯತಕ್ಕದ್ದು. ಪಾಯಿಂಟಿಂಗ್ ಎಂಬ ಕ್ರಿಯೆಗೆ ‘ಸಂದು ತುಂಬುವುದು’ ಎಂದರೆ ಸಾಕು. ಕಲ್ಲನ್ನು ಅದರ ಹುಟ್ಟಿನ ಪದರದಂತೆ ಇಡುವುದಕ್ಕೆ ‘ಸಹಜಶಯನ’ವೆಂಬ ಶಬ್ದವನ್ನು ನಾನು ಸೂಚಿಸುವೆನು. ಇದಕ್ಕಿಂತ ಒಳ್ಳೆಯ ದೇಶ್ಯಶಬ್ದವು ಬಾದಾಮಿ, ಗುಳೇದಗುಡ್ಡಗಳ ಕಡೆಯ ಕಲ್ಲುಕುಟಿಗರ ಬಾಯಲ್ಲಿದ್ದರೆ, ಅದನ್ನು ಬಲ್ಲ ವಾಚಕರು ಪತ್ರಿಕೆಗೆ ತಿಳಿಸಬೇಕೆಂದು ಕೋರುತ್ತೇನೆ.